ವಿದ್ಯುತ್ ಗಿಟಾರ್ ವಾದನದಲ್ಲಿ ವೇಗ ಮತ್ತು ತಂತ್ರ

ವಿದ್ಯುತ್ ಗಿಟಾರ್ ವಾದನದಲ್ಲಿ ವೇಗ ಎಂದರೆ ಸ್ವರಗಳ ಸ್ಪಷ್ಟತೆ ಹಾಗೂ ಲಯ ಕೆಡದಂತೆ ಕಡಿಮೆ ಅವಧಿಯಲ್ಲಿ ಹೆಚ್ಚು ಸ್ವರಗಳನ್ನು ನುಡಿಸುವ ಸಾಮರ್ಥ್ಯ. ಲಯ ತಪ್ಪಿದ ಅವಸರವನ್ನು ವೇಗವೆಂದು ಪರಿಗಣಿಸುವುದಿಲ್ಲ. ಈ ಸಾಮರ್ಥ್ಯವು ಎಡಗೈ ಬೆರಳು ತಂತಿಯನ್ನು ಒತ್ತುವ ಕ್ಷಣ ಮತ್ತು ಬಲಗೈಯ ಪಿಕ್ ತಂತಿಯನ್ನು ಮೀಟುವ ಕ್ಷಣ ಇವೆರಡರ ಹೊಂದಾಣಿಕೆಯನ್ನು ಅವಲಂಬಿಸಿದೆ.

ವಾದ್ಯದ ಸ್ವರೂಪ

ನಾದವನ್ನು ಆಂಪ್ಲಿಫೈಯರ್ ಹಿಗ್ಗಿಸುವುದರಿಂದ ವಿದ್ಯುತ್ ಗಿಟಾರನ್ನು ಬಲವಾಗಿ ಮೀಟಬೇಕಾಗಿಲ್ಲ. ಅತಿ ತೆಳುವಾದ ತಂತಿಯ ದಪ್ಪ ಸಾಮಾನ್ಯವಾಗಿ 0.009 ಅಥವಾ 0.010 ಅಂಗುಲ ಮಾತ್ರ. ವೇಗಕ್ಕೆ ಇದು ಅನುಕೂಲ. ಆದರೆ ಬೇಡದ ತಂತಿಯ ಕಂಪನವನ್ನೂ ಆಂಪ್ಲಿಫೈಯರ್ ಅಷ್ಟೇ ನಿಷ್ಠೆಯಿಂದ ಹಿಗ್ಗಿಸುತ್ತದೆ. ಆದ್ದರಿಂದ ನುಡಿಸದ ತಂತಿಗಳನ್ನು ಅಂಗೈಯ ಅಂಚಿನಿಂದ ಮೌನವಾಗಿರಿಸುವುದು ತಂತ್ರದ ಮುಖ್ಯ ಭಾಗವಾಗಿದೆ.

ಪ್ರಮುಖ ತಂತ್ರಗಳು

ಪಿಕ್ಕನ್ನು ಒಮ್ಮೆ ಕೆಳಕ್ಕೆ, ಒಮ್ಮೆ ಮೇಲಕ್ಕೆ ಎಂದು ಸರದಿಯಂತೆ ಚಲಿಸುವುದು ಪರ್ಯಾಯ ಮೀಟು. ಅಮೆರಿಕದ ಡಿಕ್ ಡೇಲ್ 1962ರಲ್ಲಿ ಧ್ವನಿಮುದ್ರಿಸಿದ 'ಮಿಸಿರ್ಲೂ' ಇದರ ಪ್ರಸಿದ್ಧ ಉದಾಹರಣೆ. ಅದರ ಸ್ವರಶ್ರೇಣಿ ನಮ್ಮ ಮಾಯಾಮಾಳವಗೌಳದ ಸ್ವರಸ್ಥಾನಗಳಿಗೆ ಹೊಂದುತ್ತದೆಂಬುದು ಕುತೂಹಲಕರ. ಗಮಕಗಳಿಲ್ಲದ ಕಾರಣ ಅದನ್ನು ರಾಗವೆನ್ನಲಾಗದು. ಒಂದು ತಂತಿಯಿಂದ ಮುಂದಿನದಕ್ಕೆ ದಾಟುವಾಗ ಪಿಕ್ಕಿನ ದಿಕ್ಕು ಬದಲಿಸದೆ ಅದೇ ಎಳೆತದಲ್ಲಿ ಮುಂದುವರಿಸುವುದು ಮಿತವ್ಯಯದ ಮೀಟು. ಒಮ್ಮೆ ಮಾತ್ರ ಮೀಟಿ ಉಳಿದ ಸ್ವರಗಳನ್ನು ಎಡಗೈ ಬೆರಳಿನ ಬಡಿತ ಮತ್ತು ಸೆಳೆತಗಳಿಂದ ಹೊರಡಿಸುವುದು ಲೆಗಾಟೊ. ಬಲಗೈ ಬೆರಳನ್ನೂ ಫ್ರೆಟ್‌ಗಳ ಮೇಲೆ ತಂದು ಬಡಿಯುವ ಟ್ಯಾಪಿಂಗ್ ವಿಧಾನವನ್ನು ಎಡ್ಡಿ ವ್ಯಾನ್ ಹೇಲನ್ 1978ರ 'ಇರಪ್ಶನ್' ಮೂಲಕ ಜನಪ್ರಿಯಗೊಳಿಸಿದರು.

ಕರ್ನಾಟಕ ಸಂಗೀತದ ಪಾಠಕ್ರಮ ಮತ್ತು ಗಿಟಾರ್

ಪುರಂದರದಾಸರು ರೂಪಿಸಿದರೆಂದು ಸಂಪ್ರದಾಯವು ಹೇಳುವ ಪ್ರಾರಂಭಿಕ ಪಾಠಗಳು ವೇಗಸಾಧನೆಗೆ ಸಿದ್ಧ ಮಾದರಿಯಾಗಿವೆ. ಇಲ್ಲಿ ತಾಳದ ಗತಿ ಬದಲಾಗುವುದಿಲ್ಲ. ಒಂದು ಅಕ್ಷರಕ್ಕೆ ಮೊದಲನೆಯ ಕಾಲದಲ್ಲಿ ಒಂದು, ಎರಡನೆಯ ಕಾಲದಲ್ಲಿ ಎರಡು, ಮೂರನೆಯ ಕಾಲದಲ್ಲಿ ನಾಲ್ಕು ಸ್ವರಗಳು ಬರುತ್ತವೆ. ಮೆಟ್ರೊನೋಮನ್ನು ನಿಮಿಷಕ್ಕೆ 60ಕ್ಕೆ ಇರಿಸಿದರೆ ಮೂರನೆಯ ಕಾಲದಲ್ಲಿ ಸೆಕೆಂಡಿಗೆ 4 ಸ್ವರ, 120ಕ್ಕೆ ಇರಿಸಿದರೆ 8 ಸ್ವರ.

ಸರಳೆವರಸೆಗೆ ಬಳಸುವ ಮಾಯಾಮಾಳವಗೌಳವು 15ನೆಯ ಮೇಳಕರ್ತ. ಒಂದೇ ತಂತಿಯಲ್ಲಿ, ತೆರೆದ ತಂತಿಯನ್ನು ಷಡ್ಜವೆಂದು ಭಾವಿಸಿದರೆ, ಇದರ ಪೂರ್ವಾಂಗವು 0, 1, 4, 5ನೆಯ ಫ್ರೆಟ್‌ಗಳಲ್ಲೂ ಉತ್ತರಾಂಗವು 7, 8, 11, 12ನೆಯ ಫ್ರೆಟ್‌ಗಳಲ್ಲೂ ದೊರೆಯುತ್ತದೆ. ಎರಡೂ ಅಂಗಗಳ ಅಂತರ ಒಂದೇ ಆಗಿರುವುದರಿಂದ ಕೈಗೆ ಬೇಗ ಹತ್ತುತ್ತದೆ. ಅಡ್ಡಲಾಗಿ ನುಡಿಸಬೇಕಾದರೆ ಐದನೆಯ ತಂತಿಯಲ್ಲಿ 7, 8, 11, ನಾಲ್ಕನೆಯದರಲ್ಲಿ 7, 9, 10, ಮೂರನೆಯದರಲ್ಲಿ 8, 9 ಎಂಬ ಕ್ರಮ ಸರಿಹೋಗುತ್ತದೆ.

ಜಂಟಿವರಸೆಯ ಪ್ರಯೋಜನ ಇನ್ನೂ ಹೆಚ್ಚಿನದು. ಅದರಲ್ಲಿ ಪ್ರತಿ ಸ್ವರವೂ ಎರಡೆರಡು ಬಾರಿ ಬರುತ್ತದೆ, ಒತ್ತು ಎರಡನೆಯದರ ಮೇಲೆ ಬೀಳುತ್ತದೆ. ಪರ್ಯಾಯ ಮೀಟಿನಲ್ಲಿ ಆ ಎರಡನೆಯ ಸ್ವರ ಮೇಲ್ಮುಖದ ಮೀಟಿಗೆ ಸಿಗುತ್ತದೆ. ಬಹುಪಾಲು ಕಲಿಯುವವರಲ್ಲಿ ದುರ್ಬಲವಾಗಿರುವುದು ಇದೇ ಮೀಟು. ಹಾಗೆಯೇ 'ತಕಿಟ' ಎಂಬ ತಿಶ್ರ ಗತಿಯನ್ನು ನುಡಿಸಿದಾಗ ಒತ್ತು ಒಮ್ಮೆ ಕೆಳಮೀಟಿಗೆ, ಮರುಸಲ ಮೇಲ್ಮೀಟಿಗೆ ಬಂದು ಎರಡೂ ಸಮಬಲವಾಗುತ್ತವೆ. ಖಂಡ ಗತಿಯ ಐದರ ಎಣಿಕೆಯಲ್ಲೂ ಹೀಗೆಯೇ. ಬಾಯಲ್ಲಿ ಸೊಲ್ಲು ಹೇಳದೆ ಬೆರಳನ್ನಷ್ಟೇ ಓಡಿಸುವ ಕ್ರಮ ಈ ಲಾಭವನ್ನು ಕೊಡುವುದಿಲ್ಲ.

ವಿದ್ಯುತ್ ಗಿಟಾರಿನಲ್ಲಿ ಕರ್ನಾಟಕ ಸಂಗೀತವನ್ನೇ ನುಡಿಸಿದವರೂ ಇದ್ದಾರೆ. ತಮಿಳುನಾಡಿನ ಗಿಟಾರ್ ಪ್ರಸನ್ನ ಇವರಲ್ಲಿ ಪ್ರಸಿದ್ಧರು.

ಅಭ್ಯಾಸ ಮತ್ತು ಅಪಾಯಗಳು

ಒಂದು ಪದಗುಚ್ಛವನ್ನು ತಪ್ಪಿಲ್ಲದೆ ಹಲವು ಸಲ ನುಡಿಸಿದ ಬಳಿಕವೇ ಮೆಟ್ರೊನೋಮನ್ನು ಸ್ವಲ್ಪ ಏರಿಸುವುದು ರೂಢಿ. ಎಡಗೈ ಬೆರಳುಗಳು ತಂತಿಯಿಂದ ದೂರಕ್ಕೆ ಚಿಮ್ಮಬಾರದು, ಪಿಕ್ಕಿನ ತುದಿ ಮಾತ್ರ ತಂತಿಗೆ ತಾಗಬೇಕು. ಡಿಸ್ಟಾರ್ಷನ್ ಬಳಸಿದರೆ ಸ್ವರಗಳು ಒಂದಕ್ಕೊಂದು ಅಂಟಿದಂತೆ ಕೇಳಿ ದೋಷ ಮರೆಯಾಗುತ್ತದೆ. ಡಿಸ್ಟಾರ್ಷನ್ ಇಲ್ಲದ ನಾದದಲ್ಲಿ ಅದು ಬಯಲಾಗುತ್ತದೆ. ಮನೆಗೆ ಮನೆ ಅಂಟಿಕೊಂಡಿರುವ ಕೊಡಿಗೇಹಳ್ಳಿಯಂತಹ ಬಡಾವಣೆಗಳಲ್ಲಿ ನೆರೆಯವರಿಗೆ ಹೆದರಿ ಅನೇಕರು ಆಂಪ್ಲಿಫೈಯರ್ ಇಲ್ಲದೆಯೇ ಸಾಧನೆ ಮಾಡುತ್ತಾರೆ. ಆಗ ಬೇಡದ ತಂತಿಯ ಸದ್ದು ಕಿವಿಗೆ ಬೀಳುವುದೇ ಇಲ್ಲ, ಸಾಲದ್ದಕ್ಕೆ ಸದ್ದು ಸಾಲದೆಂದು ಬಲವಾಗಿ ಮೀಟುವ ಅಭ್ಯಾಸವೂ ಬೆಳೆಯುತ್ತದೆ. ಹೆಡ್‌ಫೋನ್ ಜೋಡಿಸಿ, ಅದರ ಧ್ವನಿಯನ್ನು ಹಿತಮಿತವಾಗಿ ಇರಿಸಿಕೊಳ್ಳುವುದು ಉತ್ತಮ ಪರಿಹಾರ.

ಬಿಗಿಹಿಡಿದ ಭುಜ ಮತ್ತು ಅತಿಯಾಗಿ ಬಾಗಿದ ಮಣಿಕಟ್ಟಿನಿಂದ ದೀರ್ಘಕಾಲ ನುಡಿಸಿದರೆ ಸ್ನಾಯುರಜ್ಜುಗಳ ಉರಿಯೂತ ಹಾಗೂ ಮಣಿಕಟ್ಟಿನ ನರದ ಮೇಲಿನ ಒತ್ತಡ ಉಂಟಾಗಬಹುದು. ಬೆರಳ ತುದಿಯ ಚರ್ಮ ಆರಂಭದಲ್ಲಿ ನೋಯುವುದು ಸಹಜ. ಮಣಿಕಟ್ಟಿನ ನೋವು, ಬೆರಳುಗಳ ಜೋಮು ಸಹಜವಲ್ಲ; ಅಂತಹ ಸಂದರ್ಭದಲ್ಲಿ ವಾದನವನ್ನು ನಿಲ್ಲಿಸಬೇಕು, ಕಡಿಮೆಯಾಗದಿದ್ದರೆ ವೈದ್ಯರನ್ನು ಕಾಣಬೇಕು. ದಿನವಿಡೀ ಕಂಪ್ಯೂಟರ್ ಕೀಲಿಮಣೆಯ ಮೇಲೆ ದುಡಿದ ಕೈಯಿಂದಲೇ ರಾತ್ರಿ ಗಿಟಾರ್ ಹಿಡಿಯುವವರು ನಡುನಡುವೆ ವಿರಾಮ ತೆಗೆದುಕೊಳ್ಳುವುದು ಅಗತ್ಯ.

ಬೆಂಗಳೂರಿನಲ್ಲಿ

ಬೆಂಗಳೂರು ಭಾರತದ ರಾಕ್ ಸಂಗೀತದ ಮುಖ್ಯ ಕೇಂದ್ರಗಳಲ್ಲಿ ಒಂದು. 1996ರಲ್ಲಿ ಇಲ್ಲಿ ಆರಂಭವಾದ ಥರ್ಮಲ್ ಅಂಡ್ ಎ ಕ್ವಾರ್ಟರ್ ತಂಡದ ಬ್ರೂಸ್ ಲೀ ಮಣಿ ಹೆಸರಾಂತ ಗಿಟಾರ್ ವಾದಕರು. ಅರಮನೆ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್, 2011ರ ಅಕ್ಟೋಬರ್ 30ರಂದು ಮೆಟಾಲಿಕಾ ತಂಡಗಳು ಕಾರ್ಯಕ್ರಮ ನೀಡಿದವು. ಕರ್ನಾಟಕ ಸಂಗೀತವನ್ನು ರಾಕ್ ವಾದ್ಯಗಳೊಡನೆ ಬೆಸೆಯುವ ಅಗಂ ತಂಡವೂ ಬೆಂಗಳೂರಿನದೇ.