ಅಂಗಡಿಯೊಳಗಿನ ಅಂಚೆಮನೆ

ನಗರದಲ್ಲಿ ಬೆಳೆದ ನನ್ನ ಮೊಮ್ಮಕ್ಕಳಿಗೆ ಅಂಚೆ ಕಚೇರಿಯೆಂದರೆ ಕೆಂಪು ಫಲಕದ ಸರ್ಕಾರಿ ಕಟ್ಟಡ. ಹಳ್ಳಿಗಳಲ್ಲಿ ಅದು ಬಹುಕಾಲ ದಿನಸಿ ಅಂಗಡಿಯ ಒಂದು ಮೂಲೆಯಾಗಿತ್ತು.

ಟಪಾಲು ಕಡಿಮೆಯಿರುವ ಊರಿಗೆ ಪೂರ್ಣಾವಧಿಯ ನೌಕರನನ್ನು ನೇಮಿಸುವುದು ಇಲಾಖೆಗೆ ದುಬಾರಿ. ಆದ್ದರಿಂದ ಶಾಖಾ ಅಂಚೆ ಕಚೇರಿಯನ್ನು ಸ್ಥಳೀಯರೊಬ್ಬರಿಗೆ ವಹಿಸಿ, ದಿನಕ್ಕೆ ಕೆಲವು ಗಂಟೆಗಳ ಕೆಲಸಕ್ಕೆ ಅಲ್ಪ ಭತ್ಯೆ ಕೊಡುತ್ತಿದ್ದರು. ಅವರಿಗೆ ಬೇರೆ ಜೀವನೋಪಾಯ ಇರಬೇಕು, ಜಾಗವನ್ನೂ ಅವರೇ ಒದಗಿಸಬೇಕು. ಓದುಬರಹ, ಬೀಗವಿರುವ ಗಲ್ಲಾಪೆಟ್ಟಿಗೆ, ಹಗಲೆಲ್ಲ ತೆರೆದ ಬಾಗಿಲು ಇದ್ದವರು ಶಾಲೆಯ ಮೇಷ್ಟ್ರನ್ನು ಬಿಟ್ಟರೆ ಅಂಗಡಿಯವರೇ. (ಮೇಷ್ಟ್ರ ಬಳಿ ಗಲ್ಲಾಪೆಟ್ಟಿಗೆ ಇರಲಿಲ್ಲವೆಂಬುದು ನಿಮಗೆ ತಿಳಿದದ್ದೇ!)

ನಮ್ಮೂರಿನಲ್ಲೂ ಹಾಗೆಯೇ. ಬೆಲ್ಲದ ಅಚ್ಚು, ಬೀಡಿಕಟ್ಟು, ಸೀಮೆಎಣ್ಣೆಯ ಡಬ್ಬಗಳ ಪಕ್ಕದಲ್ಲಿ ತಾರೀಖಿನ ಮುದ್ರೆ, ಅರಗು, ಟಪಾಲು ಚೀಲ. ನಮಗೆ ಬರುತ್ತಿದ್ದ ಕಾರ್ಡುಗಳೆಲ್ಲ ಇಂಗಿನ ವಾಸನೆ ಹೊತ್ತೇ ಬರುತ್ತಿದ್ದವು.

ಕಾಲಾಣೆಯ ಕಾರ್ಡು 1879ರಲ್ಲಿ ಬಂತು, ಮನಿಯಾರ್ಡರ್ 1880ರಲ್ಲಿ. ಊರು ಬಿಟ್ಟು ದುಡಿಯುವವರ ಮನೆಗಳಿಗೆ ಎರಡನೆಯದೇ ದೊಡ್ಡದು. ನಿಯಮದಂತೆ ಪೂರ್ತಿ ಹಣ ಪಡೆಯುವವರ ಕೈಗೇ ಸೇರಬೇಕು. ಅನಕ್ಷರಸ್ಥರಾದರೆ ಹೆಬ್ಬೆಟ್ಟು ಒತ್ತಬೇಕು, ಸಾಕ್ಷಿಯ ರುಜು ಬೇಕು. ನಮ್ಮೂರಿನಲ್ಲಿ ಇದೆಲ್ಲವೂ ತಪ್ಪದೆ ನಡೆಯುತ್ತಿತ್ತು. ಹೆಬ್ಬೆರಳಿನ ಮಸಿ ಆರುವ ಮೊದಲೇ ಅದೇ ಯಜಮಾನರು ಉದ್ದರಿ ಪುಸ್ತಕ ತೆರೆಯುತ್ತಿದ್ದರು. ಬಂದ ನೋಟುಗಳಲ್ಲಿ ಬಹುಪಾಲು ಗಲ್ಲಾಪೆಟ್ಟಿಗೆಗೇ ಮರಳುತ್ತಿದ್ದವು. ಇದನ್ನು ಮೋಸವೆನ್ನಲಾರೆ. ಹಣ ಬರುವುದು ತಡವಾದ ತಿಂಗಳಲ್ಲಿ ಆ ಮನೆಗಳಿಗೆ ಅಕ್ಕಿ ಅಳೆದು ಕೊಟ್ಟವರೂ ಅವರೇ. ಆದರೆ ಯಾರಿಗೆ ಎಷ್ಟು ಬಂತು, ಯಾರ ಮಗ ಬರೆಯುವುದನ್ನೇ ನಿಲ್ಲಿಸಿದ ಎಂಬುದೆಲ್ಲ ಸಾಲ ಕೊಟ್ಟವರಿಗೇ ತಿಳಿದಿರುವುದು ಸಣ್ಣ ಸಂಗತಿಯಲ್ಲ. 17ನೆಯ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರು ಸ್ಥಾಪಿಸಿದ ಮೈಸೂರು ಅಂಚೆಯವರು ಪತ್ರ ಸಾಗಿಸುವುದರ ಜೊತೆಗೆ ನಾಡಿನ ಗುಟ್ಟುಗಳನ್ನೂ ಅರಸರಿಗೆ ಮುಟ್ಟಿಸುತ್ತಿದ್ದರಂತೆ. ಆ ಅಂಚೆ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ವಿಲೀನವಾಯಿತು. ಅದರ ಈ ಗುಣವೊಂದು ಅಂಗಡಿಗಳಲ್ಲಿ ಉಳಿದುಕೊಂಡಿತೆಂದು ನನಗೆ ಅನ್ನಿಸುವುದುಂಟು.

ಮಾಧ್ಯಮಿಕ ಶಾಲೆಯಲ್ಲಿದ್ದಾಗ ನೆರೆಹೊರೆಯವರಿಗೆ ಕಾಗದ ಬರೆದುಕೊಡುವುದು ನನ್ನ ಪಾಲಿನ ಕೆಲಸವಾಗಿತ್ತು. ಒಮ್ಮೆ ಹಿಂದಿನ ಬೀದಿಯ ಅಜ್ಜಿ, "ಮಗಾ, ದುಡ್ಡು ಅಂಚೇಲಿ ಹಾಕ್ಬೇಡ, ಊರಿಗೆ ಬರೋರ ಕೈಲಿ ಕಳಿಸು ಅಂತ ಬರಿ" ಎಂದರು. ಕಾರ್ಡಾದರೆ ಯಾರಾದರೂ ಓದಬಹುದು. ಇನ್‌ಲ್ಯಾಂಡ್ ಕಾಗದ ತಂದು ಬರೆದು, ಅಂಚಿಗೆ ಅನ್ನದ ಅಗುಳನ್ನೂ ತಿಕ್ಕಿ ಗಟ್ಟಿಯಾಗಿ ಅಂಟಿಸಿ, ಅದೇ ಅಂಗಡಿಯ ಟಪಾಲು ಪೆಟ್ಟಿಗೆಗೆ ಹಾಕಿ ಬಂದೆ.