ಮೈಸೂರಿನ ಯೋಗಶಾಲೆಯೂ ಹೊರನಾಡಿನ ಚಿಕಿತ್ಸಾಪದ್ಧತಿಯೂ

ಯೋಗಾಸನಗಳನ್ನು ಇಂದು ನಾನಾ ದೇಶಗಳ ಜನರು ಆರೋಗ್ಯಸಾಧನವೆಂದು ಅಭ್ಯಾಸಮಾಡುತ್ತಿದ್ದಾರೆ. ಬೆನ್ನುನೋವು, ಉಬ್ಬಸ, ನಿದ್ರಾಹೀನತೆ, ಮನಃಕ್ಲೇಶ ಮೊದಲಾದವುಗಳ ಪರಿಹಾರವನ್ನು ಅರಸಿ ಯೋಗಶಿಕ್ಷಕನ ಬಾಗಿಲಿಗೆ ಬರುವವರ ಸಂಖ್ಯೆ ಅಲ್ಪವೇನಲ್ಲ. ಈ ಪದ್ಧತಿಯು ಪತಂಜಲಿಯ ಕಾಲದಿಂದ ಅವಿಚ್ಛಿನ್ನವಾಗಿ ಹರಿದುಬಂದುದೆಂದು ಒಂದು ಪಕ್ಷದವರು ಹೇಳುತ್ತಾರೆ. ಯೂರೋಪಿನ ಅಂಗಸಾಧನೆಗೆ ಕಾವಿಯನ್ನು ಉಡಿಸಿದುದೇ ಇದೆಂದು ಇನ್ನೊಂದು ಪಕ್ಷ. ಇವೆರಡೂ ಬಹುಮಟ್ಟಿಗೆ ಕನ್ನಡದ ಆಕರಗಳನ್ನು ಬದಿಗಿಟ್ಟು ನಡೆಯುವ ವಾದಗಳು. ಆ ಆಕರಗಳನ್ನು ಮುಂದಿಟ್ಟುಕೊಂಡು ನೋಡಿದರೆ ಬೇರೊಂದು ಚಿತ್ರ ಕಾಣುತ್ತದೆ. ಮೈಸೂರಿನ ಅರಮನೆಯಲ್ಲಿ ಬಾಲಕರ ಶಿಸ್ತಿನ ಅಭ್ಯಾಸವಾಗಿ ರೂಪುಗೊಂಡ ಆಸನಪದ್ಧತಿಯು ಒಬ್ಬೊಬ್ಬ ರೋಗಿಯ ದೇಹಕ್ಕೆ ತಕ್ಕಂತೆ ಅಳೆದುಕೊಡುವ ಚಿಕಿತ್ಸೆಯಾದುದು, ಮುಖ್ಯವಾಗಿ, ಅದನ್ನು ಬಲ್ಲವರು ಮೈಸೂರನ್ನು ಬಿಟ್ಟು ಪುಣೆ ಮದರಾಸುಗಳಲ್ಲಿ ಬಾಳಬೇಕಾಗಿ ಬಂದ ಮೇಲೆ. ಹೊರನಾಡಿನಲ್ಲಿ ನೆಲೆಸಿದ ನಮಗೆ ಈ ಸಂಗತಿ ಕೇವಲ ಕುತೂಹಲದ್ದಲ್ಲ.

ಮೊದಲು ಅರಮನೆಯ ವಿಚಾರ. ಮುಮ್ಮಡಿ ಕೃಷ್ಣರಾಜ ಒಡೆಯರ (೧೭೯೪–೧೮೬೮) ಹೆಸರಿನಲ್ಲಿರುವ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಎಂಬ ಭಾಗದಲ್ಲಿ ೧೨೨ ಆಸನಗಳ ವರ್ಣಚಿತ್ರಗಳಿವೆ. ಎನ್. ಇ. ಶೋಮನ್ ಎಂಬ ವಿದ್ವಾಂಸರು ೧೯೯೬ರಲ್ಲಿ ಇವನ್ನು ಪ್ರಕಟಿಸಿದ ಮೇಲೆ, ಇಪ್ಪತ್ತನೆಯ ಶತಮಾನಕ್ಕೆ ಮೊದಲು ಆಸನಗಳ ವೈವಿಧ್ಯವೇ ಇರಲಿಲ್ಲವೆಂಬ ಮಾತಿಗೆ ಆಧಾರ ತಪ್ಪಿತು. ಹಾಗೆಂದು ಪರಂಪರೆಯ ಅಭಿಮಾನಿಗಳು ಹಿಗ್ಗಬೇಕಾದುದೂ ಇಲ್ಲ. ಪತಂಜಲಿಯು ಆಸನಕ್ಕಾಗಿ ವ್ಯಯಿಸಿದುದು ಮೂರೇ ಸೂತ್ರಗಳನ್ನು. ಅರಮನೆಯ ಚಿತ್ರಗಳಲ್ಲಿಯೂ ಗರಡಿಯ ವರಸೆ, ಹಗ್ಗದ ಕಸರತ್ತುಗಳ ಛಾಯೆ ಸ್ಪಷ್ಟವಾಗಿದೆ.

ನಾಲ್ವಡಿ ಕೃಷ್ಣರಾಜ ಒಡೆಯರ ಕಾಲಕ್ಕೆ ಬಂದರೆ, ಮೈಸೂರು ಸಂಸ್ಥಾನದಲ್ಲಿ ಶರೀರಸಾಧನೆಯ ಉತ್ಸಾಹ ತುಂಬಿತ್ತು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳಿಂದ ನಮಗೆಲ್ಲ ಪರಿಚಿತರಾದ ಕೆ. ವಿ. ಅಯ್ಯರ್ ಅವರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸುತ್ತಿದ್ದವರು. ಸಾಹಿತ್ಯಚರಿತ್ರೆಕಾರರು ಅವರ ಮೈಕಟ್ಟನ್ನು ಮರೆತರು, ವ್ಯಾಯಾಮದ ಚರಿತ್ರೆಕಾರರು ಅವರ ಕಾದಂಬರಿಗಳನ್ನು ಓದಲಿಲ್ಲ! ಅದಿರಲಿ; ಅವರ ಜೊತೆಗಾರರಾದ ಸುಂದರಂ ಅವರು ೧೯೨೦ರ ದಶಕದ ಕೊನೆಯಲ್ಲಿಯೇ ಯೋಗವ್ಯಾಯಾಮವನ್ನು ಕುರಿತು ಇಂಗ್ಲಿಷಿನಲ್ಲಿ ಗ್ರಂಥ ಬರೆದಿದ್ದರು. ಈ ವಾತಾವರಣಕ್ಕೆ ಬಂದವರು ತಿರುಮಲೈ ಕೃಷ್ಣಮಾಚಾರ್ಯರು. ೧೮೮೮ರಲ್ಲಿ ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ ಜನನ. ಮೈಸೂರು, ಕಾಶಿಗಳಲ್ಲಿ ಶಾಸ್ತ್ರವ್ಯಾಸಂಗ. ಹಾಸನದ ಕಡೆಯ ಕಾಫಿತೋಟದಲ್ಲಿ ಕೆಲಕಾಲ ಉದ್ಯೋಗ. ಟಿಬೆಟ್ಟಿನ ಗುರುವೊಬ್ಬರಲ್ಲಿ ಯೋಗವನ್ನು ಕಲಿತೆನೆಂಬುದು ಅವರೇ ಹೇಳಿದ ಮಾತು. ಅದಕ್ಕೆ ಅನ್ಯ ಸಾಕ್ಷ್ಯವಿಲ್ಲ. ಮಹಾರಾಜರ ಆಶ್ರಯದಲ್ಲಿ ೧೯೩೧ರಿಂದ ಸಂಸ್ಕೃತ ಪಾಠಶಾಲೆಯಲ್ಲಿ ಬೋಧಿಸಿ, ೧೯೩೩ರಲ್ಲಿ ಜಗನ್ಮೋಹನ ಅರಮನೆಯ ಒಂದು ಪಾರ್ಶ್ವದಲ್ಲಿ ಯೋಗಶಾಲೆಯನ್ನು ತೆರೆದರು.

ಶಾಲೆಯ ವಿದ್ಯಾರ್ಥಿಗಳಲ್ಲಿ ಅರಸು ಮನೆತನಗಳ ಬಾಲಕರು ಮುಖ್ಯರಾದವರು. ಆರೋಗ್ಯವಂತರಾದ, ಚುರುಕಾದ, ಒಂದೆಡೆ ನಿಲ್ಲದ ಹುಡುಗರು. ಅಂಥವರಿಗೆ ಒಂದರ ಹಿಂದೊಂದು ಲೆಕ್ಕಹಿಡಿದು ಮಾಡಿಸುವ, ಉಸಿರಿನೊಡನೆ ಹೊಂದಿಸಿದ ವಿನ್ಯಾಸಕ್ರಮವೇ ತಕ್ಕುದು. ೧೯೩೪ರಲ್ಲಿ ಆಚಾರ್ಯರು ಕನ್ನಡದಲ್ಲಿ ಬರೆದ ‘ಯೋಗಮಕರಂದ’ ಈ ಕ್ರಮವನ್ನು ತಿಳಿಸುತ್ತದೆ. ಯಾವ ಆಸನಕ್ಕೆ ಎಷ್ಟು ವಿನ್ಯಾಸಗಳು, ಎಲ್ಲಿ ಪೂರಕ, ಎಲ್ಲಿ ರೇಚಕ ಎಂಬ ವಿವರಗಳು ಅಲ್ಲಿ ಬರುತ್ತವೆ. ೧೯೪೧ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಿಂದ ಹೊರಬಂದ ‘ಯೋಗಾಸನಗಳು’ ಎಂಬ ಪುಸ್ತಕದಲ್ಲಿ ಆಸನಗಳನ್ನು ಸುಲಭವಾದವುಗಳಿಂದ ಕಠಿನವಾದವುಗಳವರೆಗೆ ಮೂರು ವರ್ಗಗಳಲ್ಲಿ ಜೋಡಿಸಿದ ಪಟ್ಟಿಯೇ ಇದೆ. ಒಂದು ಮಾತನ್ನು ಇಲ್ಲಿ ಅವಶ್ಯ ಹೇಳಬೇಕು. ಯಾವ ಆಸನದಿಂದ ಯಾವ ರೋಗ ಪರಿಹಾರವಾಗುವುದೆಂದು ‘ಯೋಗಮಕರಂದ’ವೂ ಹೇಳುತ್ತದೆ; ಆಚಾರ್ಯರು ಆಯುರ್ವೇದವನ್ನೂ ಬಲ್ಲವರು, ಮೈಸೂರಿನಲ್ಲಿಯೂ ರೋಗಿಗಳು ಅವರ ಬಳಿಗೆ ಬರುತ್ತಿದ್ದರು. ಆದರೆ ಪುಸ್ತಕದ ಹೇಳಿಕೆ ಆಸನವನ್ನು ಕುರಿತದ್ದು, ಆಸನಮಾಡುವ ವ್ಯಕ್ತಿಯನ್ನು ಕುರಿತದ್ದಲ್ಲ. ಮುದುಕನಾದವನು, ಬೆನ್ನು ಬಾಗದವನು, ಉಬ್ಬಸದವನು ಅದನ್ನೇ ಹೇಗೆ ಮಾಡಬೇಕೆಂಬ ಪ್ರಶ್ನೆಗೆ ಆ ಪುಟಗಳಲ್ಲಿ ದೊರೆಯುವ ಉತ್ತರ ಅಲ್ಪ.

ಆ ಪ್ರಶ್ನೆಯನ್ನು ತನ್ನ ದೇಹದಲ್ಲಿಯೇ ಹೊತ್ತು ಬಂದವನು ಕೋಲಾರ ಜಿಲ್ಲೆಯ ಬೆಳ್ಳೂರಿನ ಬಾಲಕ ಸುಂದರರಾಜ, ಎಂದರೆ ಬಿ. ಕೆ. ಎಸ್. ಅಯ್ಯಂಗಾರ್. ೧೯೧೮ರ ಡಿಸೆಂಬರಿನಲ್ಲಿ, ಇನ್ಫ್ಲೂಯೆಂಜಾ ಮಾರಿಯ ನಡುವೆ ಹುಟ್ಟಿದವರು. ಒಂಬತ್ತರ ವಯಸ್ಸಿಗೆ ತಂದೆಯನ್ನು ಕಳೆದುಕೊಂಡವರು. ಮಲೇರಿಯ, ವಿಷಮಜ್ವರ, ಕ್ಷಯಗಳಿಂದ ಜರ್ಝರಿತರಾದವರು. ಅಕ್ಕನನ್ನು ಕೃಷ್ಣಮಾಚಾರ್ಯರಿಗೆ ಕೊಟ್ಟಿತ್ತು. ೧೯೩೪ರಲ್ಲಿ ಮಹಾರಾಜರ ಅಪೇಕ್ಷೆಯಂತೆ ಆಚಾರ್ಯರು ಲೋಣಾವಳೆಯ ಕುವಲಯಾನಂದರ ಕೈವಲ್ಯಧಾಮವನ್ನು ನೋಡಲು ಹೊರಟಾಗ ಮನೆಯಲ್ಲಿ ಅಕ್ಕನ ಜೊತೆಗಿರಲೆಂದು ಈ ಹುಡುಗನನ್ನು ಮೈಸೂರಿಗೆ ಕರೆಸಿಕೊಂಡರು. ಯೋಗಚರಿತ್ರೆಯ ಒಂದು ದೊಡ್ಡ ತಿರುವು ಗೃಹಕೃತ್ಯದ ಅನುಕೂಲಕ್ಕಾಗಿ ಆದುದು ಹೀಗೆ. ಬಗ್ಗದ ಮೈಯ ಹುಡುಗನಲ್ಲಿ ಗುರುವಿಗೆ ಮೊದಲು ಭರವಸೆಯೇ ಇರಲಿಲ್ಲ.

೧೯೩೬ರಲ್ಲಿ ಆಚಾರ್ಯರು ಶಿಷ್ಯರೊಡನೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಉತ್ತರ ಕರ್ನಾಟಕದಲ್ಲಿ ಸಂಚರಿಸಿದರು. ಧಾರವಾಡದಲ್ಲಿ ಸ್ತ್ರೀಯರು ಕಲಿಯಲು ಬಯಸಿದಾಗ, ವಯಸ್ಸಿನಲ್ಲಿ ಕಿರಿಯನೆಂಬ ಕಾರಣದಿಂದ ಆ ಕೆಲಸ ಅಯ್ಯಂಗಾರರ ಪಾಲಿಗೆ ಬಂದಿತು. ಬೆಳಗಾವಿಯಲ್ಲಿ ಸಿವಿಲ್ ಸರ್ಜನ್ ಆಗಿದ್ದ ಡಾ. ವಿ. ಬಿ. ಗೋಖಲೆಯವರು ಪ್ರದರ್ಶನವನ್ನು ಕಂಡು, ಮುಂದೆ ಪುಣೆಯಲ್ಲಿ ನೆಲೆಸಿದಾಗ ಶಿಕ್ಷಕನೊಬ್ಬನನ್ನು ಕಳುಹಿಸಬೇಕೆಂದು ಕೇಳಿದರು. ೧೯೩೭ರಲ್ಲಿ, ಹತ್ತೊಂಬತ್ತು ತುಂಬದ ಅಯ್ಯಂಗಾರರು ಆರು ತಿಂಗಳ ಅವಧಿಗೆಂದು ಡೆಕ್ಕನ್ ಜಿಮ್ಖಾನಕ್ಕೆ ಬಂದರು. ಮರಾಠಿ ತಿಳಿಯದು, ಇಂಗ್ಲಿಷು ಅಷ್ಟಕ್ಕಷ್ಟೆ, ಗುರುವು ದೂರ. ಪರಊರಿಗೆ ಬಂದ ಮೊದಲ ವರ್ಷಗಳಲ್ಲಿ ನಮ್ಮಲ್ಲಿ ಅನೇಕರು ಅನುಭವಿಸಿದ ಮೂಕತನವೇ ಅದು. ಮಾತಿಲ್ಲದವನು ತೋರಿಸಿ ಕಲಿಸಬೇಕು, ಕಣ್ಣಿಟ್ಟು ನೋಡಿ ತಿದ್ದಬೇಕು. ಗೋಖಲೆಯವರು ಶರೀರರಚನೆಯನ್ನು ವಿವರಿಸಿ ಉಪನ್ಯಾಸ ಮಾಡುತ್ತಿದ್ದರೆ ಇವರು ಪಕ್ಕದಲ್ಲಿ ಆಸನಗಳನ್ನು ತೋರಿಸುತ್ತಿದ್ದರು. ಅಯ್ಯಂಗಾರ್ ಪದ್ಧತಿಯ ವಿಶೇಷವೆನಿಸಿದ ಅಂಗಾಂಗಗಳ ಸೂಕ್ಷ್ಮ ಜೋಡಣೆಯ ಮೂಲವನ್ನು ನಾನು ಇಲ್ಲಿ ಕಾಣುತ್ತೇನೆ.

ಶಿಷ್ಯರಾಗಿ ಬಂದವರು ಅರಸು ಬಾಲಕರಲ್ಲ. ವಯಸ್ಸಾದವರು, ಗೃಹಿಣಿಯರು, ವೈದ್ಯರು ಕಳುಹಿಸಿದ ರೋಗಿಗಳು. ನಿಲ್ಲಲಾರದವನಿಗೆ ಗೋಡೆ, ನೆಲಮುಟ್ಟದ ಕೈಗೆ ಇಟ್ಟಿಗೆ, ತಲೆಕೆಳಗಾಗಲು ಹಗ್ಗ, ಬೆನ್ನು ಬಾಗಿಸಲು ಕುರ್ಚಿ—ಹೀಗೆ ಉಪಕರಣಗಳು ಒಂದೊಂದಾಗಿ ಬಳಕೆಗೆ ಬಂದವು. ಪಿಟೀಲುವಾದಕ ಯೆಹೂದಿ ಮೆನುಹಿನ್ ಅವರ ಭೇಟಿ (೧೯೫೨) ಖ್ಯಾತಿಯ ದ್ವಾರವನ್ನು ತೆರೆಯಿತು. ೧೯೬೬ರಲ್ಲಿ ಪ್ರಕಟವಾದ ‘ಲೈಟ್ ಆನ್ ಯೋಗ’ದಲ್ಲಿ ಸುಮಾರು ೬೦೦ ಛಾಯಾಚಿತ್ರಗಳಿವೆ, ಕೊನೆಯಲ್ಲಿ ರೋಗಗಳ ಹೆಸರಿನ ಮುಂದೆ ಆಸನಗಳನ್ನು ಪಟ್ಟಿಮಾಡಿದೆ. ‘ಯೋಗಮಕರಂದ’ದಲ್ಲಿ ಆಸನ ಮೊದಲು, ರೋಗ ಆಮೇಲೆ, ಈ ಅನುಬಂಧದಲ್ಲಿ ರೋಗ ಮೊದಲು. ಮೂವತ್ತೆರಡು ವರ್ಷಗಳ ಅಂತರ ಈ ಸ್ಥಾನಪಲ್ಲಟದಲ್ಲಿದೆ.

ಗುರುವಿನ ಕಥೆಯೂ ಇದಕ್ಕೆ ಸಮಾನಾಂತರವಾಗಿ ನಡೆಯಿತು. ೧೯೪೦ರಲ್ಲಿ ನಾಲ್ವಡಿಯವರು ತೀರಿಕೊಂಡರು. ೧೯೫೦ರಲ್ಲಿ ಯೋಗಶಾಲೆ ಮುಚ್ಚಿತು. ಅರವತ್ತು ದಾಟಿದ ಆಚಾರ್ಯರು ೧೯೫೦ರ ದಶಕದ ಆರಂಭದಲ್ಲಿ ಮದರಾಸಿಗೆ ಹೋದರು. ಕರೆಸಿಕೊಂಡವರು ಪಾರ್ಶ್ವವಾಯುಪೀಡಿತರಾಗಿದ್ದ ಒಬ್ಬ ಪ್ರಸಿದ್ಧ ನ್ಯಾಯವಾದಿ. ಅಲ್ಲಿಂದ ಮುಂದೆ, ೧೯೮೯ರಲ್ಲಿ ನೂರು ತುಂಬಿ ತೀರಿಕೊಳ್ಳುವವರೆಗೆ, ಅವರ ಬೋಧನೆ ಹೆಚ್ಚಾಗಿ ಒಬ್ಬರಿಗೊಬ್ಬರ ಪಾಠ: ನಾಡಿ ನೋಡುವುದು, ಆಹಾರವನ್ನು ವಿಚಾರಿಸುವುದು, ಉಸಿರಿಗೆ ತಕ್ಕಷ್ಟೇ ಆಸನ ಕೊಡುವುದು. ಮಗ ಟಿ. ಕೆ. ವಿ. ದೇಶಿಕಾಚಾರ್ ೧೯೭೬ರಲ್ಲಿ ಸ್ಥಾಪಿಸಿದ ಕೃಷ್ಣಮಾಚಾರ್ಯ ಯೋಗಮಂದಿರ ಇದೇ ಕ್ರಮವನ್ನು ಅನುಸರಿಸಿತು.

ಮೈಸೂರಿನಲ್ಲಿಯೇ ಉಳಿದ ಶಿಷ್ಯ ಕೆ. ಪಟ್ಟಾಭಿ ಜೋಯಿಸರನ್ನು ಇವರೊಡನೆ ಇಟ್ಟು ನೋಡಬೇಕು. ಅವರು ೧೯೩೭ರಿಂದ ೧೯೭೩ರವರೆಗೆ ಸಂಸ್ಕೃತ ಕಾಲೇಜಿನಲ್ಲಿ ಯೋಗವನ್ನು ಬೋಧಿಸಿದರು. ಅವರ ‘ಯೋಗಮಾಲಾ’ ಕನ್ನಡದಲ್ಲಿ ೧೯೬೨ರಲ್ಲಿ ಬಂದಿತು. ವಿನ್ಯಾಸದ ಲೆಕ್ಕ, ಆಸನಗಳ ನಿಶ್ಚಿತ ಸರಣಿ ಅವರಲ್ಲಿ ಉಳಿದುವು. ೧೯೪೧ರ ಪಟ್ಟಿಗೂ ಅವರ ಸರಣಿಗಳಿಗೂ ಇರುವ ಹೋಲಿಕೆಯನ್ನು ಸಂಶೋಧಕರು ಗುರುತಿಸಿದ್ದಾರೆ. ಅವರ ಮೊದಲ ಸರಣಿಯ ಹೆಸರೂ ‘ಯೋಗಚಿಕಿತ್ಸೆ’ ಎಂದೇ ಅಲ್ಲವೆ ಎಂದು ಆಕ್ಷೇಪಿಸಬಹುದು. ನಿಜ, ಆದರೆ ಅಲ್ಲಿ ಔಷಧ ಎಲ್ಲರಿಗೂ ಒಂದೇ, ಅದನ್ನು ಜೀರ್ಣಿಸಿಕೊಳ್ಳುವ ವೇಗದಲ್ಲಿ ಮಾತ್ರ ಭೇದ.

ಚಿಕಿತ್ಸೆಯ ಮಾತು ಬಂದಾಗ ಅತಿಶಯೋಕ್ತಿಯ ಬಗೆಗೆ ಎಚ್ಚರ ಬೇಕು. ೧೯೩೫ರಲ್ಲಿ ಫ್ರಾನ್ಸಿನ ವೈದ್ಯೆ ತೆರೇಸ್ ಬ್ರಾಸ್ ಅವರು ಕೃಷ್ಣಮಾಚಾರ್ಯರನ್ನು ಪರೀಕ್ಷಿಸಿದ ಮೇಲೆ, ಅವರು ಹೃದಯವನ್ನು ನಿಲ್ಲಿಸಬಲ್ಲರೆಂಬ ಸುದ್ದಿ ಹರಡಿತು. ವೆಂಗರ್, ಬಾಗ್ಚಿ, ಆನಂದ್ ಎಂಬ ವಿಜ್ಞಾನಿಗಳು ಅದೇ ಆಚಾರ್ಯರನ್ನೂ ಬೇರೆ ಯೋಗಿಗಳನ್ನೂ ಪರೀಕ್ಷಿಸಿ ೧೯೬೧ರಲ್ಲಿ ಪ್ರಕಟಿಸಿದ ವರದಿ ಬೇರೆಯೇ ಆಗಿದೆ. ಉಸಿರು ಕಟ್ಟಿ ಸ್ನಾಯುಗಳನ್ನು ಬಿಗಿಹಿಡಿದಾಗ ಮಣಿಕಟ್ಟಿನ ನಾಡಿ ಅಡಗಿದರೂ ವಿದ್ಯುಲ್ಲೇಖದಲ್ಲಿ ಹೃದಯದ ಬಡಿತ ಮುಂದುವರಿದೇ ಇತ್ತು. ಇಂಗ್ಲೆಂಡಿನಲ್ಲಿ ನಡೆದು ೨೦೧೧ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ ದೀರ್ಘಕಾಲದ ಬೆನ್ನುನೋವಿನ ೩೧೩ ಮಂದಿ ಭಾಗವಹಿಸಿದ್ದರು. ಯೋಗಪಾಠ ಪಡೆದವರ ಬೆನ್ನಿನ ಕಾರ್ಯಶಕ್ತಿ ಉಳಿದವರಿಗಿಂತ ಹೆಚ್ಚು ಸುಧಾರಿಸಿತು, ನೋವಿನ ಅಳತೆಯಲ್ಲಿ ಅಂಥ ಅಂತರ ಕಾಣಲಿಲ್ಲ. ನಾಡಿ ನಿಲ್ಲಿಸಿದ ಕಥೆಗಿಂತ ಈ ಸಾಧಾರಣ ಫಲಿತಾಂಶವೇ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ತೋರುತ್ತದೆ.

ಇನ್ನು ಗ್ರಂಥಗಳ ಸ್ಥಿತಿ. ‘ಯೋಗಮಕರಂದ’ದ ತಮಿಳು ಆವೃತ್ತಿ ೧೯೩೮ರದು. ಇಂದು ಜಗತ್ತಿನಲ್ಲೆಲ್ಲ ಓದುವ ೨೦೦೬ರ ಇಂಗ್ಲಿಷ್ ಅನುವಾದ ಆ ತಮಿಳನ್ನು ಆಧರಿಸಿದುದು, ಕನ್ನಡದ ಮೂಲವನ್ನಲ್ಲ. ೧೯೩೪ರ ಕನ್ನಡ, ೧೯೩೮ರ ತಮಿಳು, ೧೯೪೧ರ ‘ಯೋಗಾಸನಗಳು’, ೧೯೬೨ರ ‘ಯೋಗಮಾಲಾ’—ಈ ನಾಲ್ಕನ್ನು ಸಾಲಾಗಿ ಇಟ್ಟು ಪಾಠಾಂತರಗಳನ್ನು ಪರಿಶೀಲಿಸುವುದಕ್ಕೆ ಕನ್ನಡವೂ ತಮಿಳೂ ಬಲ್ಲವರು ಬೇಕು. ಚೆನ್ನೈಯ ಕನ್ನಡಿಗರಲ್ಲಿ ಅಂಥವರಿಗೆ ಕೊರತೆಯಿಲ್ಲ.

ಅಯ್ಯಂಗಾರರು ಪುಣೆಯಲ್ಲಿಯೇ ನಿಂತು, ಪತ್ನಿ ರಮಾಮಣಿಯವರ ಹೆಸರಿನ ಯೋಗಸಂಸ್ಥೆಯನ್ನು ೧೯೭೫ರಲ್ಲಿ ಆರಂಭಿಸಿ, ೨೦೧೪ರ ಆಗಸ್ಟಿನಲ್ಲಿ ಅಲ್ಲಿಯೇ ತೀರಿಕೊಂಡರು. ತಾವು ರೋಗಗ್ರಸ್ತರಾಗಿ ಹುಟ್ಟಿದ ಬೆಳ್ಳೂರಿಗೆ ಅವರು ಕಟ್ಟಿಸಿಕೊಟ್ಟವುಗಳಲ್ಲಿ ಒಂದು ಶಾಲೆಯೂ ಒಂದು ಆಸ್ಪತ್ರೆಯೂ ಸೇರಿವೆ.