ವಿಟಮಿನ್ ‘ಎ’: ಒಂದು ಅಂಕದ ಪ್ರಶ್ನೆಯ ಹಿಂದಿನ ಚರಿತ್ರೆ

ನಾನು ಈ ಶಾಲೆಯಲ್ಲಿ ಓದುತ್ತಿದ್ದಾಗ ವಿಜ್ಞಾನ ಪರೀಕ್ಷೆಯ ‘ಹೊಂದಿಸಿ ಬರೆಯಿರಿ’ ಭಾಗದಲ್ಲಿ ತಪ್ಪದೆ ಬರುತ್ತಿದ್ದ ಪ್ರಶ್ನೆಯೊಂದಿತ್ತು. ಎಡಗಡೆ ವಿಟಮಿನ್ ‘ಎ’, ಬಲಗಡೆ ಇರುಳುಗುರುಡು. ಎರಡನ್ನೂ ಹೊಂದಿಸಿದರೆ ಒಂದು ಅಂಕ. ಆ ಅಂಕ ನಮ್ಮಲ್ಲಿ ಯಾರಿಗೂ ತಪ್ಪುತ್ತಿರಲಿಲ್ಲ.

ಮಗಳಿಗೆ ಒಂಬತ್ತು ತಿಂಗಳಾದಾಗ ದಡಾರದ ಲಸಿಕೆ ಹಾಕಿಸಲು ಆರೋಗ್ಯ ಕೇಂದ್ರಕ್ಕೆ ಹೋಗಿದ್ದೆವು. ಅಲ್ಲಿನ ಸಿಸ್ಟರ್ ಮಗುವಿನ ಬಾಯಿಗೆ ವಿಟಮಿನ್ ‘ಎ’ ದ್ರಾವಣ ಹಾಕಿ, “ಮುಂದಿನದು ಕಾರ್ಡಿನಲ್ಲಿ ಬರೆದ ದಿನಕ್ಕೇ. ನಡುವೆ ನೀವಾಗಿಯೇ ಅಂಗಡಿಯಿಂದ ತಂದು ಕುಡಿಸಬೇಡಿ” ಎಂದರು. ಕಣ್ಣಿಗೆ ಒಳ್ಳೆಯದಾದ ವಸ್ತು ಸ್ವಲ್ಪ ಹೆಚ್ಚಾದರೆ ಏನು ತೊಂದರೆ? ಎಂಜಿನಿಯರಿಂಗ್ ಓದಿದ ನನಗೆ ಉತ್ತರ ಗೊತ್ತಿರಲಿಲ್ಲ. ಆ ಉತ್ತರವನ್ನು ಹುಡುಕುತ್ತಾ ಓದಿದ ಚರಿತ್ರೆಯನ್ನು ಇಲ್ಲಿ ಬರೆದಿದ್ದೇನೆ.

ಕಥೆ ಆರಂಭವಾಗುವುದು ಇಲಿಗಳಿಂದ. 1912ರಲ್ಲಿ ಕೇಂಬ್ರಿಡ್ಜ್‌ನ ಫ್ರೆಡರಿಕ್ ಹಾಪ್ಕಿನ್ಸ್ ಶುದ್ಧ ಪಿಷ್ಟ, ಪ್ರೋಟೀನ್, ಕೊಬ್ಬು, ಲವಣಗಳನ್ನು ಮಾತ್ರ ತಿಂದ ಇಲಿಗಳು ಬೆಳೆಯುವುದಿಲ್ಲ, ಜೊತೆಗೆ ತುಸು ಹಾಲು ಕೊಟ್ಟರೆ ಬೆಳೆಯುತ್ತವೆ ಎಂದು ಪ್ರಕಟಿಸಿದರು. ಹಾಲಿನಲ್ಲಿ ಅಂಥದ್ದೇನಿದೆ? ಮರುವರ್ಷ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಎಲ್ಮರ್ ಮೆಕಾಲಂ ಮತ್ತು ಮಾರ್ಗರೆಟ್ ಡೇವಿಸ್ ಇದಕ್ಕೆ ಉತ್ತರ ಕೊಟ್ಟರು. ಬೆಣ್ಣೆಯ ಕೊಬ್ಬು ಅಥವಾ ಮೊಟ್ಟೆಯ ಹಳದಿಯ ಕೊಬ್ಬು ತಿಂದ ಇಲಿಗಳು ಬೆಳೆದವು. ಹಂದಿಕೊಬ್ಬು ಅಥವಾ ಆಲಿವ್ ಎಣ್ಣೆ ತಿಂದವು ಸೊರಗಿದವು. ಅಂದರೆ ಎಲ್ಲ ಕೊಬ್ಬೂ ಒಂದೇ ಅಲ್ಲ. ಯೇಲ್‌ನ ಆಸ್ಬರ್ನ್ ಮತ್ತು ಮೆಂಡೆಲ್ ಅದೇ ವರ್ಷ ಇದನ್ನೇ ಕಂಡರು. ಇಲಿಗಳನ್ನು ಸಾಕಿ, ತೂಗಿ, ಲೆಕ್ಕ ಇಟ್ಟ ಡೇವಿಸ್ ಬಹುಕಾಲ ಸಂಬಳವಿಲ್ಲದೆ ದುಡಿದವರು ಎಂಬುದನ್ನು ನಮ್ಮ ಶಾಲೆಯ ವಿದ್ಯಾರ್ಥಿನಿಯರು ನೆನಪಿಡಬೇಕು.

ಇದು ಇಲಿಗಳ ಮಾತಷ್ಟೇ ಅಲ್ಲ ಎಂಬುದು ಮೊದಲ ಮಹಾಯುದ್ಧದ ಕಾಲದಲ್ಲಿ ಡೆನ್ಮಾರ್ಕಿನಲ್ಲಿ ತಿಳಿಯಿತು. ಆ ದೇಶದ ಬೆಣ್ಣೆಗೆ ಹೊರಗೆ ಒಳ್ಳೆಯ ಬೆಲೆ ಬಂದಿತ್ತು. ಬೆಣ್ಣೆ ಹಡಗು ಹತ್ತಿತು, ಬಡವರ ಮಕ್ಕಳಿಗೆ ಕೆನೆ ತೆಗೆದ ಹಾಲು ಮತ್ತು ಮಾರ್ಗರಿನ್ ಉಳಿಯಿತು. ಮಕ್ಕಳ ಕಣ್ಣು ಒಣಗಿ, ಕಪ್ಪುಗುಡ್ಡೆ ಹುಣ್ಣಾಗಿ, ಹಲವರು ಕುರುಡರಾದರು. ಕೋಪನ್‌ಹೇಗನ್ನಿನ ಮಕ್ಕಳ ವೈದ್ಯ ಕಾರ್ಲ್ ಬ್ಲಾಕ್ ಕಾಡ್‌ಲಿವರ್ ಎಣ್ಣೆ ಮತ್ತು ಪೂರ್ಣ ಹಾಲಿನಿಂದ ಅವರನ್ನು ಉಪಚರಿಸಿದರು. ಜಲಾಂತರ್ಗಾಮಿಗಳ ಕಾಟದಿಂದ ರಫ್ತು ನಿಂತು, ಬೆಣ್ಣೆ ದೇಶದೊಳಗೇ ರೇಷನ್ನಿನಲ್ಲಿ ಸಿಗತೊಡಗಿದಾಗ ಕಾಯಿಲೆ ಇಳಿಯಿತು. ಹಾಲನ್ನೆಲ್ಲ ಡೈರಿಗೆ ಹಾಕಿ ಮನೆಯ ಮಕ್ಕಳಿಗೆ ನೀರುಮಜ್ಜಿಗೆ ಉಳಿಸುವ ನಮ್ಮ ಊರುಗಳವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆಮೇಲೆ ಬಣ್ಣದ ಒಗಟು ಬಂತು. ಕ್ಯಾರೆಟ್ಟು, ಹಸಿರು ಸೊಪ್ಪು ತಿಂದರೂ ಕೊರತೆ ನೀಗುತ್ತದೆ ಎಂದು ತಿಳಿದಿತ್ತು. ಕ್ಯಾರೆಟ್ಟಿನ ಕ್ಯಾರೋಟಿನ್ ಗಾಢ ಬಣ್ಣದ್ದು, ಪಿತ್ತಜನಕಾಂಗದಲ್ಲಿರುವ ವಿಟಮಿನ್ನಿಗೋ ಹೆಚ್ಚುಕಡಿಮೆ ಬಣ್ಣವೇ ಇಲ್ಲ. 1930ರ ಸುಮಾರಿಗೆ ಕೇಂಬ್ರಿಡ್ಜ್‌ನ ಥಾಮಸ್ ಮೂರ್, ಇಲಿಯ ದೇಹದಲ್ಲಿ ಕ್ಯಾರೋಟಿನ್ನೇ ವಿಟಮಿನ್ ‘ಎ’ ಆಗಿ ಬದಲಾಗುತ್ತದೆ ಎಂದು ತೋರಿಸಿದರು. ಜ್ಯೂರಿಕ್‌ನ ಪಾಲ್ ಕಾರರ್ ಎರಡರ ರಚನೆಯನ್ನೂ ಬಿಡಿಸಿ 1937ರಲ್ಲಿ ನೊಬೆಲ್ ಪಡೆದರು. ಈ ಬದಲಾವಣೆ ನಡೆಯುವುದು ಕರುಳಿನಲ್ಲಿ ಎಂದು 1949ರಲ್ಲಿ ಇಂಗ್ಲೆಂಡಿನಿಂದ ಪ್ರಕಟವಾದ ಪ್ರಬಂಧದ ಮೂವರು ಲೇಖಕರಲ್ಲಿ ಒಬ್ಬರು ಜೆ. ಗಂಗೂಲಿ. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಟಮಿನ್ ‘ಎ’ ಸಂಶೋಧನೆಯನ್ನು ಬೆಳೆಸಿದರು.

ಈಗ ತಿಳಿದಿರುವ ದಾರಿ ಹೀಗಿದೆ. ಸೊಪ್ಪಿನ ಬೀಟಾ ಕ್ಯಾರೋಟಿನ್ನನ್ನು ಕರುಳಿನ ಕಿಣ್ವವೊಂದು ನಡುಮಧ್ಯಕ್ಕೆ ಕತ್ತರಿಸಿ ಎರಡು ರೆಟಿನಾಲ್ಡಿಹೈಡ್ ಅಣುಗಳನ್ನಾಗಿ ಮಾಡುತ್ತದೆ. ಅದು ರೆಟಿನಾಲ್ ಆಗಿ, ಕೊಬ್ಬಿನಾಮ್ಲದೊಡನೆ ಕೂಡಿ, ಪಿತ್ತಜನಕಾಂಗ ಸೇರಿ ಅಲ್ಲಿನ ವಿಶೇಷ ಜೀವಕೋಶಗಳಲ್ಲಿ ದಾಸ್ತಾನಾಗುತ್ತದೆ. ಬೇಕಾದಾಗ ಒಂದು ವಾಹಕ ಪ್ರೋಟೀನ್ ಅದನ್ನು ರಕ್ತದಲ್ಲಿ ಹೊತ್ತು ಅಂಗಾಂಗಗಳಿಗೆ ತಲುಪಿಸುತ್ತದೆ.

ಕಣ್ಣಿನಲ್ಲಿ ಅದರ ಕೆಲಸವನ್ನು ಕಂಡುಹಿಡಿದವರು ಜಾರ್ಜ್ ವಾಲ್ಡ್. 1933ರಲ್ಲಿ ಅವರು ಅಕ್ಷಿಪಟಲದಲ್ಲಿ ವಿಟಮಿನ್ ‘ಎ’ ಇರುವುದನ್ನು ಪತ್ತೆಮಾಡಿದರು. ಬೆಳಕು ತಾಗಿದಾಗ ಬಾಗಿದ ರೆಟಿನಾಲ್ಡಿಹೈಡ್ ಅಣು ನೆಟ್ಟಗಾಗುತ್ತದೆ. ನೋಟ ಶುರುವಾಗುವುದು ಅಲ್ಲಿಂದ. ನಮ್ಮ ಒಂದು ಅಂಕದ ಉತ್ತರ ಇಲ್ಲಿಗೆ ಮುಗಿಯುತ್ತದೆ.

ಆದರೆ ಕೆಲವು ಸಂಗತಿಗಳು ಇದಕ್ಕೆ ಹೊಂದುತ್ತಿರಲಿಲ್ಲ. ಕೊರತೆಯಾದ ಇಲಿಗಳ ಶ್ವಾಸನಾಳ, ಮೂತ್ರನಾಳಗಳ ಒಳಪೊರೆ ಚರ್ಮದಂತೆ ಒರಟಾಗುವುದನ್ನು ವೋಲ್ಬಾಕ್ ಮತ್ತು ಹೋವ್ 1925ರಲ್ಲೇ ಕಂಡಿದ್ದರು. 1933ರಲ್ಲಿ ಟೆಕ್ಸಾಸ್‌ನ ಫ್ರೆಡ್ ಹೇಲ್, ವಿಟಮಿನ್ ‘ಎ’ ಇಲ್ಲದ ಮೇವು ತಿಂದ ಹಂದಿ ಹಾಕಿದ 11 ಮರಿಗಳಿಗೂ ಕಣ್ಣುಗುಡ್ಡೆಗಳೇ ಇಲ್ಲವೆಂದು ವರದಿ ಮಾಡಿದರು. ಇದು ನೋಟದ ಕೊರತೆಯಲ್ಲ, ಅಂಗವೇ ರೂಪುಗೊಳ್ಳದ ಕೊರತೆ. 1960ರಲ್ಲಿ ಡೌಲಿಂಗ್ ಮತ್ತು ವಾಲ್ಡ್, ವಿಟಮಿನ್ ‘ಎ’ ಬದಲು ರೆಟಿನಾಯಿಕ್ ಆಮ್ಲವನ್ನು ಮಾತ್ರ ಇಲಿಗಳಿಗೆ ಕೊಟ್ಟರು. ಇಲಿಗಳು ಚೆನ್ನಾಗಿ ಬೆಳೆದವು, ಆದರೆ ಕುರುಡಾದವು. ದೇಹ ಆ ಆಮ್ಲವನ್ನು ಹಿಂದಕ್ಕೆ ರೆಟಿನಾಲ್ ಆಗಿ ತಿರುಗಿಸಲಾರದು. ಹಾಗಾದರೆ ನೋಟದ ಕೆಲಸವೇ ಬೇರೆ, ಬೆಳವಣಿಗೆಯ ಕೆಲಸವೇ ಬೇರೆ!

ಆ ಎರಡನೇ ಕೆಲಸ ಏನೆಂದು ತಿಳಿದದ್ದು 1987ರಲ್ಲಿ. ಅಮೆರಿಕದ ಸಾಲ್ಕ್ ಸಂಸ್ಥೆಯ ರೊನಾಲ್ಡ್ ಇವಾನ್ಸ್ ತಂಡ ಮತ್ತು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನ ಪಿಯೆರ್ ಶಾಂಬೋನ್ ತಂಡ ಬೇರೆಬೇರೆಯಾಗಿ ರೆಟಿನಾಯಿಕ್ ಆಮ್ಲದ ಗ್ರಾಹಕ ಪ್ರೋಟೀನನ್ನು ಪತ್ತೆಮಾಡಿದವು. ಅದು ಥೈರಾಯ್ಡ್ ಮತ್ತು ಸ್ಟೆರಾಯ್ಡ್ ಹಾರ್ಮೋನುಗಳ ಗ್ರಾಹಕಗಳ ಕುಟುಂಬಕ್ಕೇ ಸೇರಿತ್ತು. ಈ ಗ್ರಾಹಕ ಜೀವಕೋಶದ ಕೇಂದ್ರದಲ್ಲಿ ಡಿಎನ್ಎ ಮೇಲೆಯೇ ಕುಳಿತಿರುತ್ತದೆ. ಆಮ್ಲ ಬಂದು ಸೇರಿದಾಗ ಕೆಲವು ಜೀನುಗಳು ಚಾಲೂ ಆಗುತ್ತವೆ, ಕೆಲವು ಬಂದ್ ಆಗುತ್ತವೆ. ಅಂದರೆ ಆಹಾರದಿಂದ ಬರುವ ವಿಟಮಿನ್ ಕಚ್ಚಾವಸ್ತು. ಅದರಿಂದ ದೇಹ ಮಾಡಿಕೊಳ್ಳುವ ಆಮ್ಲ ಹಾರ್ಮೋನಿನಂತೆ ಆಜ್ಞೆ ಕೊಡುತ್ತದೆ. ನಮ್ಮ ಶಾಲೆಯ ಮೊದಲ ತಂಡದವರು ಎಸ್ಸೆಸ್ಸೆಲ್ಸಿ ಬರೆದಾಗ ಇದು ಯಾವ ಪಠ್ಯಪುಸ್ತಕದಲ್ಲೂ ಇರಲು ಸಾಧ್ಯವಿರಲಿಲ್ಲ.

ಸಿಸ್ಟರ್ ಹೇಳಿದ ಮಾತಿಗೆ ಉತ್ತರವೂ ಇಲ್ಲೇ ಇದೆ. ಆಜ್ಞೆ ಕಡಿಮೆಯಾದರೂ ಕಷ್ಟ, ಹೆಚ್ಚಾದರೂ ಕಷ್ಟ. ಮೊಡವೆಗೆ ಕೊಡುವ ಐಸೋಟ್ರೆಟಿನಾಯಿನ್ ಗುಳಿಗೆ ಇದೇ ಬಳಗದ್ದು. ಗರ್ಭಿಣಿ ತೆಗೆದುಕೊಂಡರೆ ಮಗುವಿನ ಅಂಗಗಳೇ ಕೆಡಬಹುದು. ಅದೇ ಆಜ್ಞೆಯನ್ನು ಸರಿಯಾದ ಜಾಗಕ್ಕೆ ಕೊಟ್ಟರೆ ಜೀವ ಉಳಿಯುತ್ತದೆ. ಶಾಂಘೈನ ವೈದ್ಯರು ಒಂದು ಬಗೆಯ ರಕ್ತದ ಕ್ಯಾನ್ಸರ್ ಇದ್ದ 24 ರೋಗಿಗಳಿಗೆ ರೆಟಿನಾಯಿಕ್ ಆಮ್ಲ ಕೊಟ್ಟು, ಬಲಿಯದ ರಕ್ತಕಣಗಳು ಬಲಿತು ರೋಗ ಹಿಮ್ಮೆಟ್ಟಿದ್ದನ್ನು 1988ರಲ್ಲಿ ಪ್ರಕಟಿಸಿದರು.

ನಮ್ಮ ದೇಶದಲ್ಲಿ ಮಕ್ಕಳಿಗೆ ಈ ದ್ರಾವಣ ಕೊಡುವ ಕಾರ್ಯಕ್ರಮ 1970ರಲ್ಲಿ ಆರಂಭವಾಯಿತು. ಈಗ ಮೊದಲ ಸಲ ಒಂದು ಲಕ್ಷ ಯೂನಿಟ್, ಆಮೇಲೆ ಆರು ತಿಂಗಳಿಗೊಮ್ಮೆ ಎರಡು ಲಕ್ಷ. ಪಿತ್ತಜನಕಾಂಗದಲ್ಲಿ ದಾಸ್ತಾನು ಇರುವುದರಿಂದಲೇ ಇಷ್ಟು ಅಂತರ ಸಾಕು. ಆ ದಾಸ್ತಾನಿಗೆ ಮಿತಿ ಇರುವುದರಿಂದಲೇ ನಡುವೆ ಬೇಡ. ಸೊಪ್ಪು, ತರಕಾರಿಗೆ ಈ ಭಯವಿಲ್ಲ. ದೇಹಕ್ಕೆ ಸಾಕಾದಾಗ ಕರುಳು ಕ್ಯಾರೋಟಿನ್ ಕತ್ತರಿಸುವುದನ್ನು ತಾನೇ ಕಡಿಮೆ ಮಾಡುತ್ತದೆ. ನುಗ್ಗೆಸೊಪ್ಪಿನ ಪಲ್ಯಕ್ಕೆ ಒಂದು ಚಮಚ ಎಣ್ಣೆ ಮಾತ್ರ ಇರಲಿ, ಕೊಬ್ಬಿಲ್ಲದೆ ಕ್ಯಾರೋಟಿನ್ ದೇಹಕ್ಕೆ ಸರಿಯಾಗಿ ಹತ್ತುವುದಿಲ್ಲ.

ಈಗ ಓದುತ್ತಿರುವ ತಮ್ಮ ತಂಗಿಯರಿಗೆ ಒಂದು ಮಾತು. ‘ಹೊಂದಿಸಿ ಬರೆಯಿರಿ’ಯಲ್ಲಿ ಗೆರೆ ಎಳೆದು ಅಂಕ ತೆಗೆದುಕೊಳ್ಳಿ. ಆಮೇಲೆ “ಅಷ್ಟೇನಾ ಸರ್?” ಎಂದು ಮೇಷ್ಟ್ರನ್ನು ಕೇಳಿ. ನಾನು ಆಗ ಕೇಳಲಿಲ್ಲ. ಕೇಳಿದ್ದರೆ ನಮ್ಮ ಮೇಷ್ಟ್ರು ಖಂಡಿತ ಸಂತೋಷಪಡುತ್ತಿದ್ದರು.